ದೋಣಿ ಮೆಷೀನ್ ಯಾವ ಖಾತೆಗೆ?

ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಒಂದೊಂದು ತಾರೀಖಿನ ಚೌಕದಲ್ಲೂ ಮೇಲ್ಗಡೆ ಹಾಲಿನ ಲೆಕ್ಕ. ದಿನಾ ಒಂದು ಲೀಟರ್, ನೆಂಟರು ಬಂದ ದಿನ ಒಂದೂವರೆ. 2025ರ ಆಗಸ್ಟಿನಿಂದ ಅದರ ಕೆಳಗೆ ಇನ್ನೊಂದು ಲೆಕ್ಕ ಸೇರಿಕೊಂಡಿತು. ನೀಲಿ ಪೆನ್ನಲ್ಲಿ 'ಕಾ' ಅಂತ ಬರೆದರೆ ಅವತ್ತು ಕಾರ್ಡಿಯೋ, ಅಂದರೆ ಉಸಿರು ಏರಿಸುವ ವ್ಯಾಯಾಮ, ಆಗಿದೆ. ಕೆಂಪು ಪೆನ್ನಲ್ಲಿ 'ಬ' ಅಂತ ಬರೆದರೆ ಬಲದ ವ್ಯಾಯಾಮ, ಅಂದರೆ ಜಿಮ್ಮಿನ ಹುಡುಗರು ಸ್ಟ್ರೆಂತ್ ಅನ್ನುವುದು, ಆಗಿದೆ.

ಆ ಹಳೇ ಕ್ಯಾಲೆಂಡರ್ ಇನ್ನೂ ಬಿಸಾಡಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಪುಟ ತಿರುವಿದರೆ ಚೌಕ ಚೌಕದಲ್ಲೂ ನೀಲಿ, ಕೆಂಪು ಎರಡೂ ಜೋಡಿಯಾಗಿ ಕೂತಿವೆ. ಮಾಡಿದ್ದು ಮಾತ್ರ ಒಂದೇ ಕೆಲಸ. ಅರ್ಧ ಗಂಟೆ ರೋಯಿಂಗ್ ಮೆಷೀನ್, ಅಂದರೆ ಕೂತಲ್ಲೇ ದೋಣಿ ನಡೆಸಿದ ಹಾಗೆ ಎಳೆಯುವ ಮೆಷೀನ್. ನಾನು 22 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ಒಂದೇ ಚಲನ್ ಇಟ್ಟುಕೊಂಡು ಎರಡು ಖಾತೆಗೆ ಜಮಾ ಮಾಡಿದರೆ ಏನಾಗುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾಲ್ಕು ತಿಂಗಳು ಅದನ್ನೇ ಮಾಡಿದೆ.

ಶುರುವಾಗಿದ್ದು ಹೆದರಿಕೆಯಿಂದ. ಹಾಸನದವರಿಗೆ 2025ರ ಜೂನ್, ಜುಲೈ ಮರೆಯೋದಿಲ್ಲ. ಬೆಳಗಾದರೆ ಸಾಕು, ಹೃದಯಾಘಾತದ ಸುದ್ದಿ. ಅದೂ ಸಣ್ಣ ಸಣ್ಣ ವಯಸ್ಸಿನವರು. ಟಿವಿಯಲ್ಲಿ ದಿನವಿಡೀ ನಮ್ಮ ಜಿಲ್ಲೆಯ ಹೆಸರು. ಬೆಂಗಳೂರಿನಲ್ಲಿರುವ ನೆಂಟರೆಲ್ಲ ಫೋನ್ ಮಾಡಿ, 'ನಿಮ್ಮ ಕಡೆ ಏನಂತೆ, ಹುಷಾರಾಗಿದ್ದೀರಾ' ಅನ್ನೋರು. ಎದೆಯಲ್ಲಿ ಗ್ಯಾಸ್ ಸೇರಿಕೊಂಡರೂ ಜನ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗಿ ಸಾಲಲ್ಲಿ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಆ ಸಮಿತಿ ಆಮೇಲೆ ಹೇಳಿತು. ಅಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲಿ ಇಸಿಜಿ ಮಾಡಿಸದವರು ಹುಡುಕಿದರೂ ಸಿಗುತ್ತಿರಲಿಲ್ಲ. ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೇ ಜಾತ್ರೆ.

ನಾನೂ ಮಾಡಿಸಿದೆ. ಇಸಿಜಿ ಸರಿಯಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಮ್ಮ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. 'ವಾರಕ್ಕೆ 150 ನಿಮಿಷ ಉಸಿರು ಏರೋ ಹಾಗೆ ಏನಾದ್ರೂ ಮಾಡಮ್ಮ. ನಡಿ, ಸೈಕಲ್ ತುಳಿ, ನಿನ್ನಿಷ್ಟ. ಅದರ ಜೊತೆಗೆ ವಾರಕ್ಕೆ ಎರಡು ದಿನ ಭಾರ ಎತ್ತು. ನಿನಗೀಗ 46. ಮುಟ್ಟು ನಿಲ್ಲೋ ವಯಸ್ಸು ಹತ್ತಿರ ಬಂತು. ಮೂಳೆ ಸವೆಯುತ್ತೆ, ಸ್ನಾಯು ಕರಗುತ್ತೆ. ಎರಡೂ ಬೇಕು' ಅಂದರು. ಇದು ಅವರ ಸ್ವಂತ ಲೆಕ್ಕ ಅಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದೇ ಅಂತ ಆಮೇಲೆ ಓದಿದೆ. ಸಾಧಾರಣ ವೇಗದಲ್ಲಾದರೆ 150ರಿಂದ 300 ನಿಮಿಷ, ಜೋರಾಗಿ ಮಾಡಿದರೆ ಅದರ ಅರ್ಧ, ಮೇಲೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ಕೆಲಸ.

'ಎರಡೂ ಬೇಕು' ಅನ್ನೋದು ಹೇಳೋಕೆ ಸುಲಭ. ಬೆಳಗ್ಗೆ ಐದೂವರೆಗೆ ಎದ್ದು, ತಿಂಡಿ ಮಾಡಿ, ಡಬ್ಬಿ ಕಟ್ಟಿ, ಒಂಬತ್ತೂವರೆಗೆ ಬ್ರಾಂಚ್ ಮುಟ್ಟುವವಳಿಗೆ ಸಿಗೋದು ಸಂಜೆಯ ನಲವತ್ತು ನಿಮಿಷ. ಅದೂ ಆಡಿಟ್ ಇಲ್ಲದಿದ್ದರೆ. ಅದಕ್ಕೇ ಸಾಲಗಾಮೆ ರಸ್ತೆ ಕಡೆಯ ಒಂದು ಜಿಮ್ಮಿಗೆ ಸೇರಿದ ಮೊದಲ ವಾರ ಟ್ರೇನರ್ ಹುಡುಗ ಹೇಳಿದ ಮಾತು ಜೇನಿನ ಹಾಗೆ ಕೇಳಿಸಿತು.

'ಮೇಡಂ, ನಿಮಗೆ ಟೈಮ್ ಇಲ್ಲ ಅಲ್ವಾ? ಇದರಲ್ಲಿ ಕೂತ್ಕೊಳ್ಳಿ. ಫುಲ್ ಬಾಡಿ. ಕಾರ್ಡಿಯೋನೂ ಆಯ್ತು, ಸ್ಟ್ರೆಂತೂ ಆಯ್ತು. ಟೂ ಇನ್ ವನ್.'

ಮೂಲೆಯಲ್ಲಿ ಒಂದು ಉದ್ದನೆಯ ಕಬ್ಬಿಣದ ಹಳಿ. ಹಳಿ ಮೇಲೆ ಜಾರುವ ಸೀಟು. ಮುಂದುಗಡೆ ಜಾಲರಿಯೊಳಗೆ ಫ್ಯಾನಿನಂಥ ಚಕ್ರ. ಅದರಿಂದ ಹೊರಗೆ ಬರುವ ಚೈನು, ಚೈನಿಗೊಂದು ಹಿಡಿ. ಅದರ ಮೇಲೆ ಯಾರೋ ಟವೆಲ್ ಒಣಗಲು ಹಾಕಿದ್ದರು. ನಮ್ಮ ಬ್ಯಾಚಿನ ಹೆಂಗಸರು ಅದಕ್ಕೆ 'ದೋಣಿ' ಅಂತ ಹೆಸರಿಟ್ಟಿದ್ದರು. 'ಇವತ್ತು ದೋಣೀಲಿ ಯಾರೂ ಕೂತಿಲ್ಲ, ಹೋಗ್ರೀ' ಅನ್ನುವರು. ನನಗೆ ಗೊತ್ತಿದ್ದ ದೋಣಿ ಅಂದರೆ ಶೆಟ್ಟಿಹಳ್ಳಿಯ ಹಿನ್ನೀರಿನ ತೆಪ್ಪ. ಗೊರೂರು ಅಣೆಕಟ್ಟೆಯ ನೀರು ತುಂಬಿದಾಗ 1860ರ ಆ ಹಳೇ ಚರ್ಚ್ ಅರ್ಧ ಮುಳುಗಿ ನಿಲ್ಲುತ್ತಲ್ಲ, ಅಲ್ಲಿ. ತೆಪ್ಪದವನು ಮುಂದೆ ನೋಡಿಕೊಂಡು ಒಂದೇ ಹುಟ್ಟು ಹಾಕುತ್ತಾನೆ. ಕೆಲಸವೆಲ್ಲ ಕೈ, ಹೆಗಲಿನದು. ಈ ಮೆಷೀನ್ ಹಾಗಲ್ಲ. ಇದರಲ್ಲಿ ದೋಣಿ ನಡೆಸೋದು ಕಾಲು.

ಅದು ಅರ್ಥವಾಗಲು ನನಗೆ ಮೂರು ವಾರ ಬೇಕಾಯಿತು. ಮೊದಮೊದಲು ಕೈಯಲ್ಲೇ ಎಳೆಯುತ್ತಿದ್ದೆ. ಐದು ನಿಮಿಷಕ್ಕೆ ತೋಳು ಸತ್ತುಹೋಗುತ್ತಿತ್ತು, ಬೆರಳ ಬುಡದಲ್ಲಿ ಬೊಬ್ಬೆ. ಸರಿಯಾದ ಕ್ರಮ ಬೇರೆ. ಮಂಡಿ ಮಡಚಿ ಮುಂದಕ್ಕೆ ಬಂದು ಕೂತಿರಬೇಕು, ಕೈ ನೀಟಾಗಿ ಚಾಚಿರಬೇಕು. ಮೊದಲು ಕಾಲಲ್ಲಿ ಹಲಗೆಯನ್ನು ಒದೆಯಬೇಕು. ಕಾಲು ಹೆಚ್ಚುಕಡಿಮೆ ನೆಟ್ಟಗಾದ ಮೇಲೆ ಸೊಂಟದಿಂದ ಮೈ ಸ್ವಲ್ಪ ಹಿಂದಕ್ಕೆ. ಕಡೆಗೆ ಕೈ ಎದೆಯ ಕೆಳಗೆ ಬರುತ್ತೆ. ವಾಪಸ್ ಹೋಗುವಾಗ ಅದರ ಉಲ್ಟಾ, ಕೈ, ಮೈ, ಕಾಲು. ಎಳೆಯುವುದು ಚುರುಕಾಗಿ, ಹಿಂತಿರುಗುವುದು ನಿಧಾನವಾಗಿ. ಬೆನ್ನು ಗೂನಾದರೆ ಮಾರನೆಯ ದಿನ ಸೊಂಟ ಹೇಳುತ್ತೆ. ನನಗೆ ಹೇಳಿತು ಕೂಡ.

ಕ್ರಮ ಕೂತ ಮೇಲೆ ಅದರಲ್ಲೊಂದು ಸುಖ ಇದೆ. ಚಕ್ರ 'ಹುಶ್ಶ್' ಅನ್ನುತ್ತೆ, ಸೀಟು ಜಾರುತ್ತೆ, ಮತ್ತೆ 'ಹುಶ್ಶ್'. ಹಬೆಯಾಡುವ ಇಡ್ಲಿ ಪಾತ್ರೆ ಮುಂದೆ ನಿಂತ ಹಾಗೆ. ನಾಲ್ಕು ತಿಂಗಳಲ್ಲಿ 5000 ಮೀಟರನ್ನು 27 ನಿಮಿಷ 30 ಸೆಕೆಂಡಿಗೆ ಮುಗಿಸುವ ಹಂತಕ್ಕೆ ಬಂದೆ. ಬೆಳಗ್ಗೆ ಏಳುತ್ತಲೇ ನೋಡಿಕೊಳ್ಳುವ ನಾಡಿ 82 ಇದ್ದದ್ದು 71ಕ್ಕೆ ಇಳಿಯಿತು. ಬ್ಯಾಂಕಿನ ಮೇಲ್ಮಹಡಿಯ ರೆಕಾರ್ಡ್ ರೂಮಿಗೆ ಹತ್ತುವಾಗ ಏದುಸಿರು ನಿಂತಿತು. ತೊಡೆ ಗಟ್ಟಿಯಾಯಿತು, ಬೆನ್ನು ನೆಟ್ಟಗಾಯಿತು. ರವಿಕೆಯ ತೋಳು ಬಿಗಿಯಾಗಿದೆ ಅಂತ ಟೈಲರ್ ಹೇಳಿದಾಗ ಎಷ್ಟು ಖುಷಿಯಾಯಿತು ಅಂದರೆ ಹೊಲಿಗೆ ಬಿಚ್ಚಲು ಕೇಳಿದಷ್ಟು ಕೊಟ್ಟು ಬಂದೆ. ಹಾಗಾಗಿ ಕೆಂಪು ಪೆನ್ನಿನ 'ಬ' ಪೂರಾ ಸುಳ್ಳಾಗಿರಲಿಲ್ಲ. ಏನೂ ಮಾಡದೆ ಕೂತಿದ್ದ ಮೈಗೆ ಏನು ಕೊಟ್ಟರೂ ಅದು ಬಲವಾಗಿಯೇ ಇಳಿಯುತ್ತೆ.

ಒಂದು ದಿನ ಊಟದ ಬಿಡುವಿನಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ನನ್ನ ವೇಗಕ್ಕೆ ಮೆಷೀನಿನ ಪರದೆ 78 ವ್ಯಾಟ್ ತೋರಿಸುತ್ತೆ. ನಿಮಿಷಕ್ಕೆ 22 ಸಲ ಎಳೆಯುತ್ತೇನೆ. ಪಿಯುಸಿಯಲ್ಲಿ ಕಲಿತ ಫಿಸಿಕ್ಸ್ ಸಾಕಾಯಿತು. ಒಂದು ಎಳೆತಕ್ಕೆ ಸುಮಾರು 212 ಜೌಲ್ ಕೆಲಸ. ಹಿಡಿ ಹೆಚ್ಚುಕಡಿಮೆ 1.2 ಮೀಟರ್ ಸಾಗುತ್ತೆ. ಭಾಗಿಸಿದರೆ ಸರಾಸರಿ 18 ಕೆಜಿ ಎಳೆದಂತೆ. ಅಂಥವು 605 ಎಳೆತ.

18 ಕೆಜಿ. ಕ್ಯಾಲ್ಕುಲೇಟರ್ ಕೆಳಗಿಟ್ಟಾಗ ಕಣ್ಣ ಮುಂದೆ ಬಂದದ್ದು ಅರಕಲಗೂಡು ಕಡೆಯ ನಮ್ಮಜ್ಜಿ ಮನೆ ಬಾವಿ.

ಮೂವತ್ತು ಅಡಿ ಬಾವಿ. ಎರಡು ಕಲ್ಲು ಕಂಬ, ನಡುವೆ ಮರದ ಅಡ್ಡೆ, ಅದಕ್ಕೊಂದು ಕಬ್ಬಿಣದ ರಾಟೆ. ಎಣ್ಣೆ ಕಾಣದ ರಾಟೆಯ ಕಿರ್‌ಕಿರ್ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಅಜ್ಜಿ ಸೀರೆ ಎತ್ತಿ ಕಟ್ಟಿ, ಒಂದು ಕಾಲು ಕಟ್ಟೆಗೆ ಒತ್ತಿ ನಿಲ್ಲುವಳು. ಬಿಂದಿಗೆ ಇಳಿಯುವಾಗ ಹಗ್ಗ ಸುಮ್ನೆ ಬಿಡೋದು. ಬುಳಕ್ ಅಂದಮೇಲೆ ಒಂದು ಜಗ್ಗು. ಆಮೇಲೆ ಕೈ ಮೇಲೆ ಕೈ, ಕೈ ಮೇಲೆ ಕೈ. ಅಂಗೈಯಲ್ಲಿ ಜಡ್ಡು. ನಾವು ಮಕ್ಕಳು ಆ ಜಡ್ಡನ್ನು ಉಗುರಿನಿಂದ ಕೆರೆದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಲೆಕ್ಕ ಮುಂದುವರಿಸಿದೆ. ಬಿಂದಿಗೆಯ ತೂಕವೂ ಸೇರಿ 15 ಕೆಜಿ ನೀರನ್ನು 9 ಮೀಟರ್ ಮೇಲೆತ್ತಿದರೆ 1320 ಜೌಲ್. ಅಂದರೆ ನಾನು ಒಂದು ಸಂಜೆ ಮಾಡುವ 5000 ಮೀಟರ್ ಸುಮಾರು 97 ಬಿಂದಿಗೆ ನೀರು ಸೇದಿದ್ದಕ್ಕೆ ಸಮ! ಅಜ್ಜಿ ದಿನಕ್ಕೆ ಇಪ್ಪತ್ತೈದೋ ಮೂವತ್ತೋ ಸೇದುತ್ತಿದ್ದಳು. ಬೀಗಿಹೋದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

'ನಿಮ್ಮಜ್ಜಿ ಸೇದಿದ್ದಕ್ಕೆ ನೀರಾದ್ರೂ ಬರ್ತಿತ್ತು' ಅಂದರು.

ಅಮ್ಮನ ಮಾತು ನಗಿಸಿತು. ಆದರೆ ಅದರ ಹಿಂದೆ ನಾನು ಲೆಕ್ಕಕ್ಕೆ ಹಿಡಿಯದ ಒಂದು ವಿಷಯ ಇತ್ತು. ನೀರು ಬಂದಮೇಲೆ ಅದನ್ನು ಒಯ್ಯಬೇಕಲ್ಲ? ತುಂಬಿದ ಬಿಂದಿಗೆಯನ್ನು ಕಟ್ಟೆಯಿಂದ ಸೊಂಟಕ್ಕೆ ಏರಿಸಬೇಕು. ಇನ್ನೊಂದನ್ನು ತಲೆಗೆ. ಅಂಗಳ ದಾಟಿ, ಹೊಸ್ತಿಲು ದಾಟಿ, ಬಚ್ಚಲು ಮನೆಗೆ ನಡೆದು, ಚೆಲ್ಲದ ಹಾಗೆ ಹಂಡೆಗೆ ಬಗ್ಗಿಸಬೇಕು. ಮೆಷೀನ್ ನನಗೆ ಬಾವಿ ಕೊಟ್ಟಿತ್ತು. ಬಾವಿಯಿಂದ ಹಂಡೆಯವರೆಗಿನ ದಾರಿ ಕೊಟ್ಟಿರಲಿಲ್ಲ.

ಇದು ಹೊಳೆದದ್ದು ಅವತ್ತಲ್ಲ. ಡಿಸೆಂಬರಿನಲ್ಲಿ, ಗ್ಯಾಸ್ ಸಿಲಿಂಡರ್ ಬಂದ ದಿನ.

ಭಾನುವಾರ. ಸಿಲಿಂಡರ್ ಹುಡುಗನಿಗೆ ಅರ್ಜೆಂಟಿತ್ತು, ಗೇಟಿನ ಒಳಗೆ ಇಳಿಸಿ ಹೋದ. ನಮ್ಮನೆಯವರು ಊರಲ್ಲಿರಲಿಲ್ಲ, ಮಗ ಹಾಸ್ಟೆಲ್ಲು. ಗೇಟಿನಿಂದ ಹಿತ್ತಲ ಬಾಗಿಲಿಗೆ ಐದು ಮೆಟ್ಟಿಲು. ತುಂಬಿದ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆಜಿ. ಕಬ್ಬಿಣದ ತೂಕ ಹೆಚ್ಚುಕಡಿಮೆ 15. ಒಟ್ಟು 30ರ ಹತ್ತಿರ. 97 ಬಿಂದಿಗೆ ಸೇದುವವಳಿಗೆ ಇದೇನು ಮಹಾ ಅಂದುಕೊಂಡು ಬಗ್ಗಿ ಹಿಡಿ ಹಿಡಿದೆ. ನೆಲದಿಂದ ಒಂದು ಗೇಣು ಎದ್ದಿತು. ಮೊದಲ ಮೆಟ್ಟಿಲಿಗೆ ಹೇಗೋ ಕುಕ್ಕಿದೆ. ಎರಡನೆಯದಕ್ಕೆ ಬೆರಳು ಸಡಿಲವಾಯಿತು. ಮೂರನೆಯದರ ಅಂಚಿಗೆ ತಗುಲಿ ಸಿಲಿಂಡರ್ ನನ್ನ ಕಡೆಗೇ ವಾಲಿತು. ಇಳಿಸಬೇಕು ಅಂದರೆ ಇಳಿಸಲೂ ಆಗುತ್ತಿಲ್ಲ. ಎತ್ತುವುದಕ್ಕಿಂತ ಮೆಲ್ಲಗೆ ಇಳಿಸುವುದೇ ಕಷ್ಟವಾಗಿತ್ತು. ಮಂಡಿಯಿಂದ ಒತ್ತಿ ಹಿಡಿದು ಪಕ್ಕದ ಮನೆ ಹುಡುಗನನ್ನು ಕೂಗಿದೆ. ಅವನು ಮೊಬೈಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದ, ಇನ್ನೊಂದು ಕೈಯಲ್ಲಿ ಸಿಲಿಂಡರ್ ಎತ್ತಿ ಹೆಗಲಿಗೇರಿಸಿಕೊಂಡು ಒಳಗೆ ಇಟ್ಟು ಹೋದ. 'ಆಂಟಿ, ನೀವು ಜಿಮ್ಮಿಗೆ ಹೋಗ್ತೀರ ಅಲ್ವಾ?' ಅಂತ ಬೇರೆ ಕೇಳಿದ. ಕೊಬ್ಬು.

ಮಾರನೆಯ ದಿನ ಟ್ರೇನರ್ ಹತ್ತಿರ ಜಗಳಕ್ಕೇ ಹೋದೆ ಅನ್ನಿ. ಅವನು ಒಳ್ಳೆಯ ಹುಡುಗ, ಒಪ್ಪಿಕೊಂಡ. ಆಮೇಲೆ ನಾನೇ ಓದಲು ಶುರು ಮಾಡಿದೆ. ಓದುತ್ತ ಹೋದಂತೆ ಈ ಮೆಷೀನಿನ ಹುಟ್ಟೇ ಅರ್ಧ ಉತ್ತರ ಹೇಳಿತು.

ಈಗ ಜಗತ್ತಿನ ತುಂಬ ಜಿಮ್ಮುಗಳಲ್ಲಿರುವ ಗಾಳಿ ಚಕ್ರದ ರೋಯಿಂಗ್ ಮೆಷೀನ್ ಹೆಸರು ಮಾಡಿದ್ದು ಅಮೆರಿಕದ ವರ್ಮಾಂಟಿನ ಡ್ರೈಸಿಗಾಕರ್ ಅನ್ನುವ ಅಣ್ಣತಮ್ಮಂದಿರಿಂದ. ಡಿಕ್ ಮತ್ತು ಪೀಟ್. ಇಬ್ಬರೂ ದೋಣಿ ಸ್ಪರ್ಧಿಗಳು. 1976ರಲ್ಲಿ ಕಾನ್ಸೆಪ್ಟ್2 ಅನ್ನುವ ಕಂಪನಿ ಮಾಡಿ ದೋಣಿಯ ಹುಟ್ಟು ತಯಾರಿಸಲು ಶುರು ಮಾಡಿದರು. ಚಳಿಗಾಲದಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತೆ, ದೋಣಿ ಇಳಿಸುವ ಹಾಗಿಲ್ಲ. ಅದಕ್ಕೆ ಸೈಕಲ್ ಚಕ್ರವೊಂದನ್ನು ಇಟ್ಟುಕೊಂಡು ಒಣನೆಲದ ಮೇಲೆ ಅಭ್ಯಾಸ ಮಾಡುವ ಮೆಷೀನ್ ಕಟ್ಟಿದರು. 1981ರಲ್ಲಿ ಅದು ಮಾರಾಟಕ್ಕೆ ಬಂತು. ಅಂದರೆ ಇದು ದೋಣಿಯವರ ದಮ್ಮು ಅಳೆಯಲು ಹುಟ್ಟಿದ್ದು. ಒಲಿಂಪಿಕ್ ದೋಣಿ ಸ್ಪರ್ಧೆ 2000 ಮೀಟರ್. ಆರೇಳು ನಿಮಿಷದ ಆಟ. ಆ ಆರೇಳು ನಿಮಿಷ ಮೈಗೆ ಬೇಕಾದ ಶಕ್ತಿಯ ಹೆಚ್ಚಿನ ಪಾಲು ಆಮ್ಲಜನಕದ ದಾರಿಯಿಂದಲೇ ಬರಬೇಕು. ಉಸಿರು ಕಟ್ಟಿಕೊಂಡು ಮುಗಿಸುವ ಹೊತ್ತಲ್ಲ ಅದು.

ನಮ್ಮವರೊಬ್ಬರ ಕಥೆ ಇಲ್ಲಿ ನೆನಪಾಗುತ್ತೆ. ದತ್ತು ಭೋಕನಾಳ್, ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯವರು. ನೀರಿಗೆ ತತ್ವಾರದ ಹಳ್ಳಿ. ಅಪ್ಪನ ಜೊತೆ ಬಾವಿ ತೋಡುವ ಕೂಲಿ ಮಾಡಿ ಬೆಳೆದವರು. 2012ರಲ್ಲಿ ಸೈನ್ಯ ಸೇರಿದ ಮೇಲೆಯೇ ದೋಣಿ ಹತ್ತಿದ್ದು. ನಾಲ್ಕೇ ವರ್ಷಕ್ಕೆ 2016ರ ರಿಯೋ ಒಲಿಂಪಿಕ್ಸಿನಲ್ಲಿ ಒಬ್ಬರೇ ನಡೆಸುವ ದೋಣಿಯಲ್ಲಿ 13ನೆಯವರಾದರು. ಬಾವಿ ತೋಡಿದ ಮೈಗೆ ಬಲ ಮೊದಲೇ ಬಂದಿತ್ತು, ದೋಣಿ ಅದಕ್ಕೆ ದಮ್ಮು ಸೇರಿಸಿತು ಅಂತ ನನ್ನ ಊಹೆ. ಊಹೆ ಅಷ್ಟೇ.

ಇನ್ನೊಂದು ಸಂಗತಿ ನನ್ನ ಬಾಯಿ ಮುಚ್ಚಿಸಿತು. ದೊಡ್ಡ ಮಟ್ಟದ ದೋಣಿ ಸ್ಪರ್ಧಿಗಳು ದಿನಾ ಗಂಟೆಗಟ್ಟಲೆ ಎಳೆಯುವವರು. ಅವರೇ ವಾರಕ್ಕೆ ಎರಡು ಮೂರು ದಿನ ಬೇರೆಯಾಗಿ ಕಬ್ಬಿಣ ಎತ್ತುತ್ತಾರೆ. ಭಾರ ಹೊತ್ತು ಕೂತೇಳುವ ಸ್ಕ್ವಾಟ್, ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಎಲ್ಲ. ದೋಣಿಯಿಂದಲೇ ಪೂರ್ತಿ ಬಲ ಬರುವ ಹಾಗಿದ್ದರೆ ಅವರಿಗೇಕೆ ಆ ಕಷ್ಟ?

ಆದರೆ ಟ್ರೇನರ್ ಹುಡುಗ ಪೂರ್ತಿ ತಪ್ಪು ಅಂತಲೂ ಹೇಳುವ ಹಾಗಿಲ್ಲ. ಜೆರೆ ಮಿಚೆಲ್ ಅನ್ನುವ ಅಮೆರಿಕದ ಹೃದಯ ತಜ್ಞರ ಹೆಸರಿನ ಒಂದು ಪಟ್ಟಿ ಇದೆ. ಚೌಕಾಬಾರದ ಮನೆ ಥರ, ಅಡ್ಡ ಮೂರು, ಉದ್ದ ಮೂರು, ಒಟ್ಟು ಒಂಬತ್ತು ಮನೆ. ಒಂದು ದಿಕ್ಕಿನಲ್ಲಿ ಸ್ನಾಯು ಎಷ್ಟು ಬಿಗಿಯಬೇಕು ಅನ್ನುವ ಲೆಕ್ಕ. ಇನ್ನೊಂದು ದಿಕ್ಕಿನಲ್ಲಿ ಆಮ್ಲಜನಕ ಎಷ್ಟು ಬೇಕು ಅನ್ನುವ ಲೆಕ್ಕ. ಭಾರ ಎತ್ತುವ ಸ್ಪರ್ಧೆ ಒಂದು ಮೂಲೆ, ದೂರದ ಓಟ ಎದುರು ಮೂಲೆ. ದೋಣಿ ಸ್ಪರ್ಧೆ ಎರಡೂ ಗರಿಷ್ಠ ಇರುವ ಮೂಲೆಯಲ್ಲಿದೆ, ಬಾಕ್ಸಿಂಗ್ ಮತ್ತು ಸೈಕಲ್ ಸ್ಪರ್ಧೆಯ ಜೊತೆ. ಕ್ರಿಕೆಟ್ ಎಲ್ಲಿದೆ ಗೊತ್ತಾ? ಎರಡೂ ಕಡಿಮೆ ಇರುವ ಮನೆಯಲ್ಲಿ, ಗಾಲ್ಫ್ ಪಕ್ಕ. ಇದನ್ನು ನಮ್ಮನೆಯವರಿಗೆ ತೋರಿಸಿದ್ದೇ ತಪ್ಪಾಯಿತು. ಇನ್ನೂ ಒಪ್ಪಿಲ್ಲ.

ಈ ಪಟ್ಟಿ ಮಾತಾಡುವುದು ಹೃದಯದ ಬಗ್ಗೆ. ಓಡುವವರ ಹೃದಯ ಹೆಚ್ಚು ರಕ್ತ ಹಿಡಿಯುವ ಹಾಗೆ ಹಿಗ್ಗುತ್ತೆ. ಭಾರ ಎತ್ತುವವರಲ್ಲಿ ಅದರ ಗೋಡೆ ದಪ್ಪವಾಗುತ್ತೆ ಅನ್ನುವುದು ಹಳೇ ವಿವರಣೆ. ವರ್ಷಗಟ್ಟಲೆ ದೋಣಿ ನಡೆಸಿದ ಸ್ಪರ್ಧಿಗಳಲ್ಲಿ ಎರಡೂ ಕಾಣಿಸುತ್ತೆ. ಹಾಗಾಗಿ ಹೃದಯವನ್ನು ಕೇಳಿದರೆ 'ಎರಡೂ' ಅನ್ನಬಹುದು. ನನ್ನ ಡಾಕ್ಟರು ಕೇಳಿದ್ದು ಮೂಳೆ, ಸ್ನಾಯುವಿನ ಪರವಾಗಿ. ಅಲ್ಲಿ ಲೆಕ್ಕ ಬೇರೆ.

ಸ್ನಾಯುವಿಗೆ ಬಲ ಬರೋದು ಅದಕ್ಕೆ ಕಷ್ಟವಾಗುವಷ್ಟು ಭಾರ ಕೊಟ್ಟಾಗ. ಐದು, ಎಂಟು, ಹತ್ತು ಸಲ ಎತ್ತುವಷ್ಟರಲ್ಲಿ 'ಇನ್ನೊಂದೆರಡು ಆಗಬಹುದು, ಅದರ ಮೇಲೆ ಇಲ್ಲ' ಅನ್ನಿಸುವಷ್ಟು. ಮೈ ಅದಕ್ಕೆ ಒಗ್ಗಿದ ಮೇಲೆ ಭಾರ ಏರಿಸುತ್ತ ಹೋಗಬೇಕು. ನನ್ನ ದೋಣಿಯಲ್ಲಿ 18 ಕೆಜಿಯನ್ನು 605 ಸಲ ಎಳೆಯುತ್ತೇನೆ. 605 ಸಲ ಮಾಡಲು ಆಗುವ ಕೆಲಸ ಅಂದಮೇಲೆ ಒಂದೊಂದು ಸಲಕ್ಕೂ ಅದು ಹಗುರವೇ. ಮೊದಲ ಎರಡು ತಿಂಗಳು ನನ್ನ ಮೆತ್ತನೆಯ ತೊಡೆಗೆ ಆ 18 ಕೆಜಿಯೇ ಹೊಸದು, ಅದಕ್ಕೇ ಗಟ್ಟಿಯಾಯಿತು. ಆಮೇಲೆ ಸ್ನಾಯುವಿಗೆ ಕಲಿಯಲು ಹೊಸದೇನೂ ಉಳಿಯಲಿಲ್ಲ. ಹೃದಯ, ಶ್ವಾಸಕೋಶ ಕಲಿಯುತ್ತಲೇ ಇದ್ದವು.

ಜೋರಾಗಿ ಎಳೆದರೆ ಭಾರ ಹೆಚ್ಚಲ್ವಾ? ಹೆಚ್ಚುತ್ತೆ. ಗಾಳಿ ಚಕ್ರದ ಗುಣವೇ ಅದು, ನೀವು ಎಷ್ಟು ಜೋರು ಮಾಡುತ್ತೀರೋ ಅದೂ ಅಷ್ಟು ಎದುರು ನಿಲ್ಲುತ್ತೆ. ವೇಗ ಸ್ವಲ್ಪ ಏರಿಸಲು ಹೋದರೆ ಬೇಕಾಗುವ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತೆ. ನಾನು 500 ಮೀಟರಿಗೆ 2 ನಿಮಿಷ 45 ಸೆಕೆಂಡ್ ತಗೊಂಡರೆ 78 ವ್ಯಾಟ್ ಸಾಕು. 2 ನಿಮಿಷ 20 ಸೆಕೆಂಡಿಗೆ ಇಳಿಸಬೇಕಾದರೆ 128 ವ್ಯಾಟ್ ಬೇಕು. 25 ಸೆಕೆಂಡ್ ಉಳಿಸಲು ಮುಕ್ಕಾಲು ಜೀವ ಹೋಗುತ್ತೆ. ಒಂದು ನಿಮಿಷ ಹಾಗೆ ಎಳೆದು, ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ಎಳೆದರೆ ಕಾಲಿಗೆ ಒಳ್ಳೆಯ ಕೆಲಸ. ಆದರೂ ಅದು ಡೆಡ್‌ಲಿಫ್ಟಿನ ಭಾರಕ್ಕೆ ಸಮ ಬರೋದಿಲ್ಲ.

ನಮ್ಮ ಜಿಮ್ಮಿನ ಹುಡುಗರಿಗೆ ಇದಕ್ಕೊಂದು ಸುಲಭದ ದಾರಿ ಗೊತ್ತು. ಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಸರಿಸುವ ಒಂದು ಸನ್ನೆಕೋಲು ಇದೆ, ಡ್ಯಾಂಪರ್ ಅಂತ. ಬಂದವರೇ ಅದನ್ನು 10ಕ್ಕೆ ತಳ್ಳಿ, 'ಈಗ ಸ್ಟ್ರೆಂತ್' ಅನ್ನುತ್ತಾರೆ. ಆ ಸನ್ನೆಕೋಲು ತೂಕ ಏರಿಸೋದಿಲ್ಲ. ಚಕ್ರದೊಳಗೆ ಎಷ್ಟು ಗಾಳಿ ಹೋಗಬೇಕು ಅಂತ ತೀರ್ಮಾನಿಸುತ್ತೆ, ಅಷ್ಟೇ. 10ರಲ್ಲಿ ಗಾಳಿ ಜಾಸ್ತಿ, ಎರಡು ಎಳೆತದ ನಡುವೆ ಚಕ್ರ ಬೇಗ ನಿಧಾನವಾಗುತ್ತೆ, ಮತ್ತೆ ಅದನ್ನು ಎಬ್ಬಿಸಬೇಕು. ಸೈಕಲ್ಲಿನ ಗೇರು ಇದ್ದ ಹಾಗೆ. ಗೇರು ಬದಲಾಯಿಸಿದರೆ ಚನ್ನರಾಯಪಟ್ಟಣ ಹತ್ತಿರ ಬರುತ್ತಾ? 10ರಲ್ಲಿ ಎರಡು ನಿಮಿಷ ಗುದ್ದಾಡಿ, ಸೊಂಟ ಹಿಡಿದುಕೊಂಡು ಎದ್ದು ಹೋಗುತ್ತಾರೆ. ನಾನು 4ರಲ್ಲಿ ಕೂರುತ್ತೇನೆ.

ಇನ್ನು ಇಳಿಸುವ ವಿಷಯ. ಸಿಲಿಂಡರ್ ದಿನ ನಾನು ಸೋತದ್ದು ಅಲ್ಲೇ. ಭಾರವನ್ನು ತಡೆದು ತಡೆದು ಕೆಳಗಿಡುವಾಗ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು. ಬಲ ಬೆಳೆಯಲು ಆ ಕೆಲಸವೂ ಮುಖ್ಯ. ರೋಯಿಂಗ್ ಮೆಷೀನಿನಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಎಳೆದಾದ ಮೇಲೆ ಚೈನು ತಾನಾಗಿ ವಾಪಸ್ ಹೋಗುತ್ತೆ, ನಾವು ಸುಮ್ನೆ ಅದರ ಹಿಂದೆ ಜಾರಿಕೊಂಡು ಹೋಗುತ್ತೇವೆ. ಖಾಲಿ ಬಿಂದಿಗೆ ಬಾವಿಗೆ ಇಳಿದ ಹಾಗೆ. ಜೊತೆಗೆ ಮೆಷೀನಿನಲ್ಲಿ ಕೈಗೆ ಇರೋದು ಎಳೆತ ಮಾತ್ರ. ತಳ್ಳುವುದು, ತಲೆ ಮೇಲೆ ಎತ್ತುವುದು ಇಲ್ಲ. ಅಟ್ಟದ ಮೇಲಿನ ಅಕ್ಕಿ ಡ್ರಮ್ಮಿಗೆ ದೋಣಿ ಏನೂ ಮಾಡೋದಿಲ್ಲ.

ಹಾಗಂತ ದೋಣಿ ಬಿಟ್ಟೆ ಅಂದುಕೊಳ್ಳಬೇಡಿ. ವಾರಕ್ಕೆ ಮೂರು ಸಂಜೆ ಅದರದ್ದೇ. ಮಂಡಿ ನೋವಿರುವ ನನ್ನಂಥವರಿಗೆ ಓಟಕ್ಕಿಂತ ಎಷ್ಟೋ ವಾಸಿ, ಕಾಲು ನೆಲಕ್ಕೆ ಬಡಿಯೋದಿಲ್ಲ. ನಡಿಗೆಯಲ್ಲಿ ಸಿಗದ ಬೆನ್ನು, ಹೆಗಲಿನ ಕೆಲಸ ಸಿಗುತ್ತೆ. ಬಲದ ಬಡ್ಡಿ ಸ್ವಲ್ಪ ಬರುತ್ತೆ, ಇಲ್ಲ ಅನ್ನೋದಿಲ್ಲ. ಅಸಲು ಮಾತ್ರ ಕಾರ್ಡಿಯೋ ಖಾತೆಗೆ.

ಜನವರಿಯಿಂದ ಮಂಗಳವಾರ, ಶುಕ್ರವಾರ ಕಬ್ಬಿಣ. ಮೊದಲ ದಿನ 20 ಕೆಜಿಯ ಖಾಲಿ ಸರಳು. ಅದನ್ನು ಎತ್ತುವ ಕ್ರಮ ನೋಡಿ ನಗು ಬಂತು. ಕಾಲಲ್ಲಿ ನೆಲ ಒದೆ, ಸೊಂಟ ನೆಟ್ಟಗೆ ಮಾಡು, ಕೈ ಬರೀ ಕೊಕ್ಕೆ. ದೋಣಿಯಲ್ಲಿ ಕಲಿತದ್ದೇ! ಅಷ್ಟರ ಮಟ್ಟಿಗೆ ಆ ನಾಲ್ಕು ತಿಂಗಳು ದಂಡವಾಗಲಿಲ್ಲ. ಟ್ರೇನರ್ ಹುಡುಗ ಪಕ್ಕದಲ್ಲಿ ನಿಂತು, 'ಎತ್ತೋದು ಬೇಗ, ಇಳಿಸೋದು ಮೂರು ಎಣಿಸ್ಕೊಂಡು ಮೇಡಂ' ಅನ್ನುತ್ತಾನೆ. 20 ಇದ್ದದ್ದು 30 ಆಯಿತು. ಯುಗಾದಿ ಹೊತ್ತಿಗೆ 40. ಐದು ಸಲ ಎತ್ತಿ ಎರಡು ನಿಮಿಷ ಕೂರುವುದು. ಮೊದಮೊದಲು ಆ ಕೂರುವುದೇ ನನಗೆ ಸೋಮಾರಿತನ ಅನ್ನಿಸುತ್ತಿತ್ತು. ಬೆವರು ಬರದಿದ್ದರೆ ವ್ಯಾಯಾಮ ಆಗಿಲ್ಲ ಅಂತ ನಮಗೆಲ್ಲ ಒಂದು ನಂಬಿಕೆ ಇದೆಯಲ್ಲ. ಪಕ್ಕದ ಟ್ರೆಡ್‌ಮಿಲ್ಲಿನವರು ನೋಡುತ್ತಾರೇನೋ ಅಂತ ಆ ಎರಡು ನಿಮಿಷ ಸುಮ್ನೆ ಟವೆಲ್ ಮಡಚಿ ಬಿಚ್ಚಿ ಮಾಡುತ್ತಿದ್ದೆ.

ಅಜ್ಜಿಯನ್ನು ಆದರ್ಶ ಮಾಡಿ ಕೂರಿಸುವ ಆಸೆ ನನಗಿಲ್ಲ. ಅವಳು ಯಾವ ಮೆಷೀನೂ ಇಲ್ಲದೆ ಎರಡೂ ಮಾಡಿದಳು, ನಿಜ. ಸೇದಿದಳು, ಹೊತ್ತಳು, ಇಳಿಸಿದಳು, ಬೀಸಿದಳು, ಕುಟ್ಟಿದಳು. ಆದರೆ ಅವಳಿಗೆ ನಡುವೆ ಎರಡು ನಿಮಿಷ ಕೂರು ಅಂತ ಹೇಳುವವರು ಯಾರೂ ಇರಲಿಲ್ಲ. ಅರವತ್ತಕ್ಕೇ ಸೊಂಟ ಬಾಗಿತ್ತು. ಬಾವಿಗೆ ಮೋಟಾರ್ ಹಾಕಿಸಿದ ದಿನ ಅವಳು ರಾಟೆ ಬಿಚ್ಚಿ ತೆಗೆದುಕೊಂಡು ಹೋಗಿ ಅಟ್ಟಕ್ಕೆ ಎಸೆದಳಂತೆ. ಅಮ್ಮ ಹೇಳಿದ್ದು. ಮತ್ತೆ ಯಾರೂ ಅದನ್ನು ಇಳಿಸಲಿಲ್ಲ.

ಮೊನ್ನೆ ಮತ್ತೆ ಸಿಲಿಂಡರ್ ಬಂತು. ಅದೇ ಹುಡುಗ, ಅದೇ ಅರ್ಜೆಂಟು, ಗೇಟಿನ ಒಳಗೆ ಇಳಿಸಿ ಹೋದ. ನಮ್ಮನೆಯವರು ಮನೆಯಲ್ಲೇ ಇದ್ದರು, ಬರುತ್ತೇನೆ ತಡಿ ಅಂದರು. ಮ್ಯಾಚ್ ನೋಡುತ್ತಿದ್ದರು, ಹಾಗಾಗಿ ಆ 'ತಡಿ'ಗೆ ಅರ್ಧ ಗಂಟೆ. ಸೆರಗು ಸಿಕ್ಕಿಸಿ ಬಗ್ಗಿದೆ. ಕಾಲಲ್ಲಿ ನೆಲ ಒದ್ದೆ. ಎದ್ದಿತು. ಐದು ಮೆಟ್ಟಿಲು ಹತ್ತಿದೆ, ಮೂರನೆಯದರಲ್ಲಿ ಒಂದು ಸಲ ನಿಂತು ಉಸಿರು ಬಿಟ್ಟೆ. ಹಿತ್ತಲ ಬಾಗಿಲು ದಾಟಿ ಸ್ಟೌವಿನ ಪಕ್ಕ ಬಂದಾಗ ಬೆರಳು ಉರಿಯುತ್ತಿತ್ತು. ಒಂದು, ಎರಡು, ಮೂರು ಎಣಿಸಿಕೊಂಡು ಇಳಿಸಿದೆ. ಮೊಸಾಯಿಕ್ ನೆಲಕ್ಕೆ ತಾಗಿದ ಸದ್ದು ಹಾಲ್‌ಗೆ ಕೇಳಲಿಲ್ಲ.

ಕ್ಯಾಲೆಂಡರಿನ ಚೌಕದಲ್ಲಿ ಹಾಲಿನ ಕೆಳಗೆ 'ಸಿಲಿಂಡರ್ ಬಂದದ್ದು' ಅಂತ ಬರೆದೆ. ಕಪ್ಪು ಪೆನ್ನಲ್ಲಿ.